ಬೆಟ್ಟದ ಮೇಲಿನ ನೀಹಾರಿಕೆ: ನಿಜವೆ, ಸುಳ್ಳೆ?

ಕಳೆದ ವರ್ಷ ನಮ್ಮ ಶಾಲೆಯ ಭಿತ್ತಿಪತ್ರಿಕೆಯ ಮುಂದೆ ಒಂದು ಸಣ್ಣ ಪ್ರಕರಣ ನಡೆಯಿತು. ಅದನ್ನು ಇಲ್ಲಿ ಬರೆಯುವುದರಿಂದ ನಮ್ಮ ಗೌರವವೇನೂ ಹೆಚ್ಚುವುದಿಲ್ಲ. ಆದರೂ ಬರೆಯಬೇಕಾಗಿದೆ. ತಪ್ಪು ನಡೆದುದು ಮಕ್ಕಳ ಎದುರಿಗೆ. ಅದನ್ನು ಒಪ್ಪಿಕೊಳ್ಳುವುದೂ ಮಕ್ಕಳ ಎದುರಿಗೇ ಆಗಬೇಕಲ್ಲವೆ?

ಎಂಟನೆಯ ಇಯತ್ತೆಯ ಹುಡುಗನೊಬ್ಬನು ಎಲ್ಲಿಂದಲೋ ಒಂದು ಛಾಯಾಚಿತ್ರವನ್ನು ಮುದ್ರಿಸಿಕೊಂಡು ಬಂದು ಅಂಟಿಸಿದ್ದನು. ಕೆಳಗಡೆ ಕಪ್ಪಾದ ಬೆಟ್ಟಗಳ ಸಾಲು. ಅವುಗಳ ನೆತ್ತಿಯ ಮೇಲೆ ಅಲ್ಲಲ್ಲಿ ಹಿಮದ ಗೆರೆ. ಮೇಲುಗಡೆ ಲೆಕ್ಕಕ್ಕೆ ಸಿಗದಷ್ಟು ನಕ್ಷತ್ರಗಳು. ಅವುಗಳ ನಡುವೆ ಕುಂಕುಮವನ್ನು ನೀರಿನಲ್ಲಿ ಕದಡಿ ಬೆರಳಿನಿಂದ ಎಳೆದಂತೆ ಒಂದು ಕೆಂಪು ಕಮಾನು, ಅರ್ಧ ಬಳೆಯ ಆಕಾರದಲ್ಲಿ ಬಾಗಿ ನಿಂತಿತ್ತು. ಅದರ ಕೆಳಗೆ ಅವನು ತನ್ನ ಅಕ್ಷರದಲ್ಲಿ “ಲಡಾಖಿನ ಬೆಟ್ಟಗಳ ಮೇಲೆ ನೀಹಾರಿಕೆ” ಎಂದು ಬರೆದಿದ್ದನು.

ನಾವು ಅದನ್ನು ನೋಡಿದೆವು. ನಾವೂ ಹಳ್ಳಿಯಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿ ಆಕಾಶವನ್ನು ಕಂಡವರೇ. ಇಂತಹ ಕೆಂಪು ಕಮಾನನ್ನು ಯಾವ ರಾತ್ರಿಯೂ ಕಂಡಿರಲಿಲ್ಲ. “ಇದು ಯಂತ್ರವು ಬರೆದ ಚಿತ್ರ. ಕಣ್ಣಿಗೆ ಕಾಣದ್ದನ್ನು ಕಂಡಂತೆ ತೋರಿಸುವುದು ಸುಳ್ಳು. ಭಿತ್ತಿಪತ್ರಿಕೆಯಲ್ಲಿ ಸುಳ್ಳಿಗೆ ಎಡೆಯಿಲ್ಲ” ಎಂದು ಹೇಳಿ ಚಿತ್ರವನ್ನು ನಮ್ಮ ಕೈಯಾರೆ ಕಿತ್ತು ಅವನಿಗೆ ಕೊಟ್ಟುಬಿಟ್ಟೆವು. ಹುಡುಗನು ತಲೆ ತಗ್ಗಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ನಿಂತು ಕೇಳಿದನು: “ಸರ್, ನಮ್ಮ ಕಣ್ಣಿಗೆ ಕಾಣಲಾರದ್ದೆಲ್ಲಾ ಸುಳ್ಳೇನ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಗಂಟೆ ಬಾರಿಸಿತೆಂಬ ನೆಪದಿಂದ ವರ್ಗಕ್ಕೆ ಹೊರಟುಹೋದೆವು. ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ತಿಂಗಳುಗಟ್ಟಲೆ ಪುಸ್ತಕಗಳನ್ನು ತಿರುವಿ, ತಿಳಿದವರನ್ನು ಕೇಳಿ, ಕೊನೆಗೆ ನಾವು ಕಂಡುಕೊಂಡ ವಿಷಯವನ್ನೂ, ಅದರಿಂದ ನಮ್ಮಲ್ಲಿ ಮೂಡಿದ ಅಭಿಪ್ರಾಯವನ್ನೂ ವಾಚಕರ ಮುಂದೆ ಇಡುತ್ತೇವೆ. ನಾವು ವಿಜ್ಞಾನದ ಶಿಕ್ಷಕರಲ್ಲ, ಕನ್ನಡ ಕಲಿಸುವವರು. ಆದರೆ ಸತ್ಯಾಸತ್ಯದ ಪ್ರಶ್ನೆ ಯಾವ ಒಂದು ವಿಷಯದ ಶಿಕ್ಷಕರ ಸ್ವತ್ತೂ ಅಲ್ಲ.

ಮೊದಲು ಆ ಕೆಂಪು ಕಮಾನು ಯಾವುದೆಂಬುದನ್ನು ಹೇಳಬೇಕು. ಚಳಿಗಾಲದ ರಾತ್ರಿ ಆಕಾಶದಲ್ಲಿ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳನ್ನು ಯಾರಾದರೂ ಕಂಡಿರುತ್ತಾರೆ. ಅದು ಮಹಾವ್ಯಾಧನ ನಡುಪಟ್ಟಿ. ನಮ್ಮ ಹಿರಿಯರು ಮಳೆಗೆ ಹೆಸರಿಟ್ಟ ಮೃಗಶಿರೆ, ಆರ್ದ್ರೆಗಳೂ ಆ ಪುಂಜದಲ್ಲಿಯೇ ಇವೆ. ಈ ನಡುಪಟ್ಟಿಯನ್ನು ಮೂಡಣ ದಿಕ್ಕಿನಿಂದ ಅಪ್ಪಿಕೊಂಡಂತೆ ಒಂದು ಮಹತ್ತರವಾದ ಅನಿಲದ ಮೋಡವು ಹರಡಿದೆ. ಅದರ ಹೆಸರು ಬರ್ನಾರ್ಡನ ಕುಣಿಕೆ. ಆಕಾಶದಲ್ಲಿ ಅದರ ವಿಸ್ತಾರ ಸುಮಾರು 10 ಅಂಶ; ಎಂದರೆ ಇಪ್ಪತ್ತು ಹುಣ್ಣಿಮೆಯ ಚಂದ್ರರನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಷ್ಟು. ಇಷ್ಟು ದೊಡ್ಡದು ನಮ್ಮ ತಲೆಯ ಮೇಲೆಯೇ ಇದ್ದೂ ಕಾಣದಿರುವುದೆಂದರೇನು?

ಕಾರಣ ಎರಡು. ಮೊದಲನೆಯದು, ಅದರ ಬೆಳಕು ತೀರ ಕ್ಷೀಣ. ಎರಡನೆಯದು, ಆ ಬೆಳಕಿನ ಬಣ್ಣ. ಅಲ್ಲಿಯ ಬಿಸಿ ನಕ್ಷತ್ರಗಳು ಚೆಲ್ಲುವ ಅತಿನೇರಳೆ ಕಿರಣಗಳಿಂದ ಜಲಜನಕದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಅವು ಮತ್ತೆ ಬಂದು ಸೇರಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವಾಗ, ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯುವ ಹೆಜ್ಜೆಯಲ್ಲಿ 656 ನ್ಯಾನೊಮೀಟರು ಅಲೆಯುದ್ದದ ಗಾಢವಾದ ಕೆಂಪು ಬೆಳಕು ಹೊರಡುತ್ತದೆ. ನಮ್ಮ ಕಣ್ಣಿನಲ್ಲಿ ಬಣ್ಣವನ್ನು ಅರಿಯುವ ಕಣಗಳು ಬೇರೆ, ಕತ್ತಲೆಯಲ್ಲಿ ಕೆಲಸ ಮಾಡುವ ಕಣಗಳು ಬೇರೆ. ಕತ್ತಲೆಯ ಕಣಗಳಿಗೆ ಈ ಗಾಢ ಕೆಂಪು ಇಲ್ಲವೆಂಬಷ್ಟು ಅಲ್ಪವಾಗಿ ಮಾತ್ರ ತಾಗುತ್ತದೆ. ಬೆಳಕು ಬಂದು ಬಾಗಿಲು ತಟ್ಟುತ್ತಲೇ ಇದೆ. ಒಳಗಿರುವವನು ಆ ಸದ್ದಿಗೆ ಕಿವುಡ.

ಛಾಯಾಚಿತ್ರವು ಮಾಡುವ ಕೆಲಸವನ್ನು ನಮ್ಮ ಮಕ್ಕಳಿಗೆ ತಿಳಿಸಲು ಚಾಳಿನ ನಲ್ಲಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ನೀರು ನಿಂತ ಮೇಲೂ ನಲ್ಲಿಯಿಂದ ತೊಟ್ಟು ತೊಟ್ಟಾಗಿ ಬೀಳುತ್ತಿರುತ್ತದೆ. ಬೊಗಸೆಯೊಡ್ಡಿ ಮರುಕ್ಷಣವೇ ಚೆಲ್ಲಿಬಿಡುವವನಿಗೆ ನೀರು ಸಿಕ್ಕಿತೆಂದು ಅನಿಸುವುದೇ ಇಲ್ಲ. ಅದೇ ತೊಟ್ಟುಗಳ ಕೆಳಗೆ ರಾತ್ರಿ ಕೊಡವನ್ನಿಟ್ಟ ತಾಯಿಗೆ ಬೆಳಗಾಗುವಾಗ ಕೊಡ ತುಂಬಿರುತ್ತದೆ. ನಮ್ಮ ಕಣ್ಣು ಬೊಗಸೆ. ಅದು ಕ್ಷಣಕ್ಷಣಕ್ಕೂ ಬರಿದಾಗುತ್ತದೆ. ಕ್ಯಾಮೆರಾ ಕೊಡ, ಅದು ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಹಾಕುತ್ತದೆ. ಬೆಳಗ್ಗೆ ಕೊಡ ತುಂಬಿರುವುದನ್ನು ಕಂಡು “ಈ ನೀರು ಸುಳ್ಳು, ರಾತ್ರಿ ನನ್ನ ಬೊಗಸೆಗೆ ಬರಲಿಲ್ಲ” ಎಂದು ಯಾರಾದರೂ ವಾದಿಸಿದರೆ ನಗುವುದಿಲ್ಲವೆ? ನಾವು ಭಿತ್ತಿಪತ್ರಿಕೆಯ ಮುಂದೆ ನಿಂತು ಮಾಡಿದುದು ಆ ವಾದವನ್ನೇ.

ಈ ಕೊಡವಿಡುವ ಕಲೆಗೆ ಒಂದು ಚರಿತ್ರೆಯಿದೆ. ಅಮೆರಿಕೆಯ ಹೆನ್ರಿ ಡ್ರೇಪರನು 1880ರ ಸೆಪ್ಟೆಂಬರ್ 30ರಂದು ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಗೆ 51 ನಿಮಿಷ ತನ್ನ ಫಲಕವನ್ನು ಒಡ್ಡಿ ಚಿತ್ರ ತೆಗೆದನು. ನೀಹಾರಿಕೆಯೊಂದರ ಮೊದಲ ಛಾಯಾಚಿತ್ರ ಅದು. ಆದರೆ ಅದು ಬರಿಗಣ್ಣಿಗೂ ಮಸುಕಾಗಿ ಕಾಣುವ ನೀಹಾರಿಕೆ. ಕಣ್ಣಿಗೆ ಕಾಣದೆ ಇದ್ದ ದೊಡ್ಡ ಕುಣಿಕೆಯನ್ನು 1889ರಲ್ಲಿ ಕ್ಯಾಲಿಫೋರ್ನಿಯದ ವಿಲ್ಸನ್ ಶಿಖರದಿಂದ ವಿಲಿಯಂ ಪಿಕರಿಂಗನು ಫಲಕದ ಮೇಲೆ ಹಿಡಿದನು. 1894ರಲ್ಲಿ ಅದೇ ಪ್ರಾಂತದ ಹ್ಯಾಮಿಲ್ಟನ್ ಬೆಟ್ಟದ ಲಿಕ್ ವೀಕ್ಷಣಾಲಯದಲ್ಲಿದ್ದ ಎಡ್ವರ್ಡ್ ಎಮರ್ಸನ್ ಬರ್ನಾರ್ಡನು ಅದರ ಚಿತ್ರ ತೆಗೆದು ವರ್ಣಿಸಿದನು. ಹೆಸರು ಅವನದೇ ಉಳಿಯಿತು.

ಈ ಬರ್ನಾರ್ಡನ ಕಥೆಯನ್ನು ನಮ್ಮ ಮಕ್ಕಳು ಕೇಳಲೇಬೇಕು. ಅವನು 1857ರಲ್ಲಿ ನ್ಯಾಶ್‌ವಿಲ್ ಎಂಬ ಊರಿನಲ್ಲಿ ಹುಟ್ಟಿದನು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ಮನೆಯಲ್ಲಿ ಕಡುಬಡತನ, ಬಾಲ್ಯದಲ್ಲಿ ಶಾಲೆಗೆ ಹೋದದ್ದು ಎರಡು ತಿಂಗಳು ಮಾತ್ರ. ಒಂಬತ್ತು ವರ್ಷದ ಪ್ರಾಯದ ಸುಮಾರಿಗೆ ಅವನು ಒಬ್ಬ ಛಾಯಾಚಿತ್ರಕಾರನ ಅಂಗಡಿಗೆ ಕೆಲಸಕ್ಕೆ ಸೇರಿದನು. ಆಗ ವಿದ್ಯುದ್ದೀಪಗಳಿರಲಿಲ್ಲ. ಚಿತ್ರಗಳನ್ನು ದೊಡ್ಡದು ಮಾಡಲು ಮಾಳಿಗೆಯ ಮೇಲೆ ಒಂದು ಭಾರಿ ಯಂತ್ರವನ್ನು ಸೂರ್ಯನ ಕಡೆಗೆ ತಿರುಗಿಸಿ ಇಡುತ್ತಿದ್ದರು. ಸೂರ್ಯನು ಸರಿದಂತೆ ಯಂತ್ರವೂ ಸರಿಯಬೇಕು. ಗಾಲಿಗಳನ್ನು ಅಂಗುಲ ಅಂಗುಲವಾಗಿ ತಿರುಗಿಸುತ್ತ ದಿನವೆಲ್ಲ ಬಿಸಿಲಿನಲ್ಲಿ ನಿಲ್ಲುವುದೇ ಆ ಹುಡುಗನ ಕೆಲಸ. ಉಳಿದ ಹುಡುಗರು ಬೇಸತ್ತು, ತೂಕಡಿಸಿ ಬಿಟ್ಟುಹೋಗುತ್ತಿದ್ದ ಕೆಲಸವದು. ಇವನು ಬಿಡಲಿಲ್ಲ.

ಮುಂದೆ ದೊಡ್ಡವನಾಗಿ, ಧೂಮಕೇತುಗಳನ್ನು ಕಂಡುಹಿಡಿದು, ಆ ಬಹುಮಾನದ ಹಣದಲ್ಲಿ ಮನೆ ಕಟ್ಟಿಕೊಂಡು, 1892ರಲ್ಲಿ ಗುರುಗ್ರಹದ ಐದನೆಯ ಉಪಗ್ರಹವನ್ನು ಕಂಡವನೂ ಇವನೇ. ಹ್ಯಾಮಿಲ್ಟನ್ ಬೆಟ್ಟದ ಚಳಿಯಲ್ಲಿ ದೂರದರ್ಶಕಕ್ಕೆ ಕಟ್ಟಿದ ಕ್ಯಾಮೆರಾವನ್ನು ನಕ್ಷತ್ರದ ಹಿಂದೆ ಗಂಟೆಗಟ್ಟಲೆ ಕೈಯಿಂದಲೇ ನಡೆಸಿಕೊಂಡು ಹೋಗುವಾಗ, ಅವನು ಬಾಲ್ಯದಲ್ಲಿ ಸೂರ್ಯನ ಹಿಂದೆ ಗಾಲಿ ತಿರುಗಿಸಿದ ವಿದ್ಯೆಯನ್ನೇ ಮುಂದುವರಿಸುತ್ತಿದ್ದನು. ಅವನು ಬಳಸಿದ ಮಸೂರಗಳಾದರೂ ಎಂತಹವು? ಒಂದು, ಮನುಷ್ಯರ ಮುಖದ ಚಿತ್ರ ತೆಗೆಯಲೆಂದು ಮಾಡಿದ ಹಳೆಯ ಮಸೂರ. ಈ ಕುಣಿಕೆಯನ್ನು ಹಿಡಿದುದಂತೂ ಚಿತ್ರದೀಪದಿಂದ ಕಳಚಿದ ಒಂದೂವರೆ ಅಂಗುಲದ ಅಗ್ಗದ ಮಸೂರ. ಜಗತ್ತಿನ ದೊಡ್ಡ ದೂರದರ್ಶಕ ಪಕ್ಕದಲ್ಲಿಯೇ ಇದ್ದಾಗ, ಇಷ್ಟಗಲದ ಮಸುಕು ನೀಹಾರಿಕೆಗೆ ಸಣ್ಣ ಮಸೂರವೇ ಯೋಗ್ಯವೆಂದು ಅವನು ಅರಿತಿದ್ದನು.

ಅವನ ಪ್ರಾಮಾಣಿಕತೆಗೆ ಇನ್ನೊಂದು ಸಾಕ್ಷಿಯಿದೆ. ಆಕಾಶಗಂಗೆಯ ಛಾಯಾಚಿತ್ರಗಳ ಸಂಪುಟವೊಂದನ್ನು ಅವನು ಸಿದ್ಧಪಡಿಸುತ್ತಿದ್ದಾಗ, ಮುದ್ರಣಯಂತ್ರವು ಮಸುಕು ವಿವರಗಳನ್ನು ಕೆಡಿಸೀತೆಂದು, 700 ಪ್ರತಿಗಳಿಗೂ ನಿಜವಾದ ಛಾಯಾಮುದ್ರೆಗಳನ್ನೇ ಅಂಟಿಸಬೇಕೆಂದು ಹಟ ಹಿಡಿದನು. ಒಟ್ಟು 35,700 ಮುದ್ರೆಗಳು. ಒಂದೊಂದನ್ನೂ ತಾನೇ ಕಣ್ಣಾರೆ ಪರೀಕ್ಷಿಸಿದನು. 1923ರಲ್ಲಿ ಅವನು ತೀರಿಕೊಂಡ ತರುವಾಯ, 1927ರಲ್ಲಿ ಎಡ್ವಿನ್ ಫ್ರಾಸ್ಟ್ ಮತ್ತು ಸಹಾಯಕಿ ಮೇರಿ ಕ್ಯಾಲ್ವರ್ಟ್ ಅವರು ಅದನ್ನು ಹೊರತಂದರು. ಕಣ್ಣಿಗೆ ಕಾಣದ್ದನ್ನು ತೋರಿಸುವವನು ಎಷ್ಟು ಜಾಗರೂಕನಾಗಿರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಇಲ್ಲಿಯವರೆಗೆ ಹೇಳಿದುದು ನೀಹಾರಿಕೆಯ ಮಾತಾಯಿತು. ಆದರೆ ಹುಡುಗನ ಚಿತ್ರದಲ್ಲಿ ಬೆಟ್ಟವೂ ಇತ್ತು. ಬೆಟ್ಟ ಬಂದೊಡನೆ ತೊಡಕು ಬರುತ್ತದೆ. ನಿಜವಾದ ವಿವಾದವಿರುವುದು ಇಲ್ಲಿಯೇ.

ಭೂಮಿಯು ತಿರುಗುತ್ತಿರುವುದರಿಂದ ಆಕಾಶವು ಗಂಟೆಗೆ 15 ಅಂಶದಂತೆ ಸರಿಯುತ್ತದೆ. ಮುಕ್ಕಾಲಿಯ ಮೇಲೆ ಅಲುಗದೆ ನಿಂತ ಕ್ಯಾಮೆರಾದಲ್ಲಿ, 50 ಮಿಲಿಮೀಟರು ಮಸೂರವಿದ್ದರೆ, ಸುಮಾರು ಹತ್ತು ಸೆಕೆಂಡುಗಳಾಗುವಷ್ಟರಲ್ಲಿ ನಕ್ಷತ್ರಗಳು ಚುಕ್ಕೆಯ ಬದಲು ಗೆರೆಯಾಗತೊಡಗುತ್ತವೆ. ಹತ್ತು ಸೆಕೆಂಡುಗಳಲ್ಲಿ ಕೊಡ ತುಂಬುವುದಿಲ್ಲ. ಆದುದರಿಂದ ಕ್ಯಾಮೆರಾವನ್ನು ಆಕಾಶದೊಡನೆ ಮೆಲ್ಲಗೆ ತಿರುಗಿಸುವ ಯಂತ್ರವೊಂದನ್ನು ಮುಕ್ಕಾಲಿಗೆ ಜೋಡಿಸುತ್ತಾರೆ; ಬರ್ನಾರ್ಡನ ಕೈಯ ಕೆಲಸವನ್ನು ಈಗ ಅದು ಮಾಡುತ್ತದೆ. ನಕ್ಷತ್ರಗಳೇನೋ ನಿಂತವು, ಆದರೆ ಈಗ ಬೆಟ್ಟ ಓಡತೊಡಗಿತು! ಆಕಾಶದ ಹಿಂದೆ ಹೋಗುವ ಕ್ಯಾಮೆರಾಕ್ಕೆ ಸ್ಥಿರವಾದ ಬೆಟ್ಟವು ಮಸಿ ಒರೆಸಿದಂತೆ ಕಲಸಿಹೋಗುತ್ತದೆ. ಸ್ಥಿರವಾದುದನ್ನೂ ಚಲಿಸುವುದನ್ನೂ ಒಂದೇ ಉಸಿರಿನಲ್ಲಿ ಹಿಡಿಯಲು ಬಾರದು. ಆದುದರಿಂದ ಛಾಯಾಚಿತ್ರಕಾರನು ಎರಡು ಬಾರಿ ಹಿಡಿಯುತ್ತಾನೆ. ಯಂತ್ರವನ್ನು ನಡೆಸಿ ಆಕಾಶವನ್ನು ಹತ್ತಾರು ಸಲ ಹಿಡಿದು ಆ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸುತ್ತಾನೆ. ಹದಿನಾರು ಚಿತ್ರಗಳನ್ನು ಕೂಡಿಸಿದರೆ ಚಿತ್ರದ ಕಲಬೆರಕೆಯ ಕಾಳುಗಳು ಬೆಳಕಿನ ಲೆಕ್ಕದಲ್ಲಿ ಕಾಲುಭಾಗಕ್ಕೆ ಇಳಿಯುತ್ತವೆ. ತರುವಾಯ ಯಂತ್ರವನ್ನು ನಿಲ್ಲಿಸಿ ಬೆಟ್ಟವನ್ನು ಬೇರೆಯಾಗಿ ಹಿಡಿಯುತ್ತಾನೆ. ಕೊನೆಗೆ ಎರಡನ್ನೂ ಬೆಟ್ಟದ ಅಂಚಿನಲ್ಲಿ ಸೇರಿಸುತ್ತಾನೆ. ಕೆಂಪು ಬೆಳಕಿಗಾಗಿ ಕ್ಯಾಮೆರಾದ ಸಂವೇದಕದ ಮುಂದಿರುವ ಶೋಧಕ ಗಾಜನ್ನೂ ತೆಗೆಸಿರುತ್ತಾನೆ. ಏಕೆಂದರೆ ಸಾಧಾರಣ ಕ್ಯಾಮೆರಾದ ಆ ಗಾಜು 656 ನ್ಯಾನೊಮೀಟರಿನ ಬೆಳಕಿನ ಬಹುಭಾಗವನ್ನು ಹೊರಗೇ ತಡೆಯುತ್ತದೆ. ಈ ಕೆಲಸಕ್ಕೆಂದೇ ಕ್ಯಾನನ್ ಕಂಪನಿಯು 2005ರಲ್ಲಿಯೂ 2012ರಲ್ಲಿಯೂ, ನಿಕಾನ್ ಕಂಪನಿಯು 2015ರಲ್ಲಿಯೂ ಬೇರೆ ಕ್ಯಾಮೆರಾಗಳನ್ನು ಹೊರತಂದಿದ್ದವು.

ಹಾಗಾದರೆ ಇದು ಜೋಡಿಸಿದ ಚಿತ್ರವಾಯಿತಲ್ಲ. ನೀವು ಕಿತ್ತುಹಾಕಿದ್ದು ಸರಿಯೇ ಆಯಿತಲ್ಲ, ಎಂದು ಯಾರಾದರೂ ಕೇಳಬಹುದು. ಇಲ್ಲಿ ನಮಗೆ ನಮ್ಮ ಕನ್ನಡವೇ ನೆರವಿಗೆ ಬಂದಿತು. ಹಳೆಗನ್ನಡದ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕನ ಮುಂದೆ ನಾಲ್ಕಾರು ತಾಳೆಗರಿಯ ಪ್ರತಿಗಳಿರುತ್ತವೆ. ಒಂದರಲ್ಲಿ ಹುಳು ತಿಂದ ಸಾಲು ಇನ್ನೊಂದರಲ್ಲಿ ಉಳಿದಿರುತ್ತದೆ. ಲಿಪಿಕಾರರ ತಪ್ಪುಗಳು ಒಂದೊಂದರಲ್ಲಿ ಒಂದೊಂದು ಕಡೆ. ಎಲ್ಲವನ್ನೂ ಹೋಲಿಸಿದಾಗ ತಪ್ಪುಗಳು ಉದುರಿ ಕವಿಯ ಮಾತು ನಿಲ್ಲುತ್ತದೆ. ಹೀಗೆ ಕೂಡಿಸಿದ ಪಾಠವು ಯಾವ ಒಂದು ಪ್ರತಿಯಲ್ಲಿಯೂ ಇದ್ದ ಹಾಗೆಯೇ ಇರುವುದಿಲ್ಲ. ಅದನ್ನು ಸುಳ್ಳೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ಒಳ್ಳೆಯ ಸಂಪಾದಕನು ಯಾವ ಅಕ್ಷರವನ್ನು ಯಾವ ಪ್ರತಿಯಿಂದ ತೆಗೆದುಕೊಂಡೆನೆಂಬುದನ್ನು ಪುಟದ ಅಡಿಯಲ್ಲಿ ಬರೆಯುತ್ತಾನೆ. ತನ್ನ ಸ್ವಂತ ಪದ್ಯವನ್ನು ನಡುವೆ ತೂರಿಸಿ ಸುಮ್ಮನಿರುವವನು ಮಾತ್ರ ವಂಚಕ.

ಈ ಅಳತೆಯಿಂದ ನಾವು ಇಂತಹ ಚಿತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತೇವೆ. ಒಂದೇ ಸ್ಥಳ, ಒಂದೇ ರಾತ್ರಿ, ಒಂದೇ ದಿಕ್ಕು. ಆಕಾಶವನ್ನೂ ಬೆಟ್ಟವನ್ನೂ ಬೇರೆಬೇರೆಯಾಗಿ ಹಿಡಿದು ಇದ್ದ ಎಡೆಯಲ್ಲಿಯೇ ಸೇರಿಸಿದುದು ಮೊದಲನೆಯದು. ಅದು ಸತ್ಯ, ಆದರೆ ಸೇರಿಸಿದೆನೆಂದು ಹೇಳುವ ಋಣ ಅದಕ್ಕಿದೆ. ಎಲ್ಲಿಯದೋ ನೀಹಾರಿಕೆಯನ್ನು ಎಳೆದು ಹಿಗ್ಗಿಸಿ, ಅದು ಎಂದೂ ಉದಯಿಸದ ದಿಕ್ಕಿನ ಬೆಟ್ಟದ ಮೇಲೆ ಕೂಡಿಸಿದುದು ಎರಡನೆಯದು. ಅದನ್ನು ಕಲ್ಪನೆಯೆಂದು ಹೇಳಿ ತೋರಿಸಿದರೆ ಕಲೆ, ಹೇಳದಿದ್ದರೆ ಮೋಸ. ಮೂರನೆಯದು ಯಾವ ಬೆಟ್ಟಕ್ಕೂ ಹೋಗದೆ, ಯಾವ ಚಳಿಯನ್ನೂ ಸಹಿಸದೆ, ಕೃತಕ ಬುದ್ಧಿಯ ಯಂತ್ರಕ್ಕೆ ನಾಲ್ಕು ಮಾತು ಹೇಳಿ ಬರೆಯಿಸಿದುದು. ಅದರಲ್ಲಿ ಬೆಳಕಿನ ಒಂದು ತೊಟ್ಟೂ ಇಲ್ಲ; ಅದು ನೀರನ್ನು ಬರೆದ ಕೊಡ, ನೀರಿರುವ ಕೊಡವಲ್ಲ. ಇಂದು ಈ ಮೂರೂ ನಮ್ಮ ಮಕ್ಕಳ ಕೈಯೊಳಗಿನ ದೂರವಾಣಿಯಲ್ಲಿ ಒಂದರ ಹಿಂದೆ ಒಂದು, ಒಂದೇ ಅಂದದಲ್ಲಿ ಬಂದು ನಿಲ್ಲುತ್ತವೆ. ಹೀಗಿರುವಾಗ “ಎಲ್ಲವೂ ಸುಳ್ಳು” ಎಂದುಬಿಡುವ ಶಿಕ್ಷಕನೂ, “ಎಲ್ಲವೂ ನಿಜ” ಎಂದು ನಂಬುವ ಶಿಷ್ಯನೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ವಿಚಾರಿಸುವ ಶ್ರಮವನ್ನು ತಪ್ಪಿಸಿಕೊಂಡವರು. ಇದರಲ್ಲಿ ನಮ್ಮ ತಪ್ಪೇ ಹೆಚ್ಚಿನದು; ವಿಚಾರಿಸುವುದನ್ನು ಕಲಿಸುವುದಕ್ಕೆಂದೇ ಸಂಬಳ ಪಡೆಯುವವರು ನಾವು.

ಹುಡುಗನ ಚಿತ್ರ ಮೊದಲನೆಯ ಬಗೆಯದು. ಅದನ್ನು ತೆಗೆದವರು ಎರಡನ್ನೂ ಬೇರೆಬೇರೆಯಾಗಿ ಹಿಡಿದು ಸೇರಿಸಿದೆವೆಂದು ಸ್ಪಷ್ಟವಾಗಿ ಬರೆದಿದ್ದರು. ಅಡಿಬರಹದ ಆ ಭಾಗವನ್ನು ಹುಡುಗನು ಕತ್ತರಿಸಿಬಿಟ್ಟಿದ್ದನು, ಅಷ್ಟೇ. ಅವನ ತಪ್ಪು ಅಂಗುಲದಷ್ಟು, ನಮ್ಮದು ಮಾರುದ್ದ.

ಲಡಾಖಿನ ಮಾತು ಬಂದುದರಿಂದ ಕನ್ನಡಿಗರು ತಿಳಿಯಬೇಕಾದ ಸಂಗತಿಯೊಂದನ್ನು ಇಲ್ಲಿ ಹೇಳುತ್ತೇವೆ. ಅಲ್ಲಿಯ ಹಾನ್ಲೆಯ ಬಳಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರು ಎತ್ತರದಲ್ಲಿ ಭಾರತೀಯ ಖಗೋಳ ವೀಕ್ಷಣಾಲಯವಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿಯ ಎರಡು ಮೀಟರು ಅಗಲದ ಹಿಮಾಲಯನ್ ಚಂದ್ರ ದೂರದರ್ಶಕವು 2000ದಲ್ಲಿ ಮೊದಲ ಬೆಳಕನ್ನು ಕಂಡಿತು. ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರವಿರುವುದು ಬೆಂಗಳೂರಿನ ಬಳಿಯ ನಮ್ಮ ಹೊಸಕೋಟೆಯಲ್ಲಿ! ಹೊಸಕೋಟೆಯಲ್ಲಿ ಕುಳಿತವರು ಹಿಮಾಲಯದ ರಾತ್ರಿಯನ್ನು ಓದುತ್ತಾರೆ. 2022ರಲ್ಲಿ ಈ ಹಾನ್ಲೆಯ ಸುತ್ತಲಿನ 1,073 ಚದರ ಕಿಲೊಮೀಟರು ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿಯ ಹಳ್ಳಿಗರು ದೀಪಗಳಿಗೆ ಮರೆ ಕಟ್ಟಿದ್ದಾರೆ, ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಟ್ಟಿದ್ದಾರೆ. ಹಳ್ಳಿಯ ತರುಣ ತರುಣಿಯರಿಗೆ ಸಣ್ಣ ದೂರದರ್ಶಕಗಳನ್ನು ಕೊಟ್ಟು, ಬಂದ ಯಾತ್ರಿಕರಿಗೆ ಆಕಾಶವನ್ನು ತೋರಿಸಿ ನಾಲ್ಕು ಕಾಸು ಗಳಿಸುವಂತೆ ತರಬೇತಿ ಮಾಡಲಾಗಿದೆ. ಹುಡುಗನ ಚಿತ್ರದ ಬೆಟ್ಟಗಳು ಆ ಸೀಮೆಯವೇ.

ಅಲ್ಲಿ ಕತ್ತಲೆಯನ್ನು ಕಾಯುತ್ತಿದ್ದಾರೆ. ಇಲ್ಲಿ ನಾವು ಅದನ್ನು ಕಳೆದುಕೊಂಡುದೇ ನಮಗೆ ತಿಳಿದಿಲ್ಲ. 2016ರಲ್ಲಿ ಪ್ರಕಟವಾದ ರಾತ್ರಿಯಾಕಾಶದ ಜಾಗತಿಕ ನಕ್ಷೆಯ ಪ್ರಕಾರ ಲೋಕದ ಜನರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ದೀಪದ ಬೆಳಕಿನಿಂದ ಕಲುಷಿತವಾದ ಆಕಾಶದ ಕೆಳಗೆ ಬಾಳುತ್ತಿದ್ದಾರೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಆಕಾಶಗಂಗೆ ಕಾಣುವುದೇ ಇಲ್ಲ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳು ಆ ಮೂರನೆಯ ಒಂದು ಪಾಲಿನವರು. “ಆಕಾಶದ ತುಂಬ ಚುಕ್ಕೆಗಳು” ಎಂದು ಪಾಠದಲ್ಲಿ ಓದಿಸುವಾಗ ಅವರು ಕಿಟಕಿಯ ಕಡೆಗೆ ನೋಡಿ ನಕ್ಕದ್ದುಂಟು. ಅವರಿಗೆ ಅದು ಕವಿಯ ಉತ್ಪ್ರೇಕ್ಷೆ. ಊರಿನಲ್ಲಿ ಅಜ್ಜಂದಿರು ಆರ್ದ್ರಾ ಮಳೆ ಎನ್ನುವಾಗ, ಸೂರ್ಯನು ಆ ನಕ್ಷತ್ರದ ಬಳಿಯಲ್ಲಿರುವುದರಿಂದ ಅದು ಆ ದಿನಗಳಲ್ಲಿ ಕಾಣುವುದಿಲ್ಲವೆಂದು ಬಲ್ಲರು. ಕಾಣದಿದ್ದರೂ ಅದು ಅಲ್ಲಿದೆಯೆಂಬ ನಂಬಿಕೆಯಿಂದ ಬಿತ್ತುತ್ತಾರೆ. ಏಕೆಂದರೆ ಚಳಿಗಾಲದಲ್ಲಿ ಅದನ್ನು ಕಣ್ಣಾರೆ ಕಂಡಿರುತ್ತಾರೆ. ಒಮ್ಮೆಯೂ ಕಾಣದವನಿಗೆ ಆ ನಂಬಿಕೆ ಬರುವುದಾದರೂ ಹೇಗೆ?

ಇದಕ್ಕೆ ಎರಡು ಆಕ್ಷೇಪಗಳನ್ನು ನಾವು ಕೇಳಿದ್ದೇವೆ. ದೀಪಗಳನ್ನು ಆರಿಸಿದರೆ ರಾತ್ರಿಯ ಪಾಳಿ ಮುಗಿಸಿ ಬರುವ ತಾಯಂದಿರ ಗತಿಯೇನು, ಎಂಬುದು ಮೊದಲನೆಯದು. ಇದು ತೂಕವುಳ್ಳ ಮಾತು. ಗಲ್ಲಿಯಲ್ಲಿ ದೀಪವಿಲ್ಲದೆ ಹೆಣ್ಣುಮಕ್ಕಳು ಅಂಜಿ ನಡೆಯುವುದಕ್ಕಿಂತ ನೀಹಾರಿಕೆಯೇ ಕಾಣದಿರಲೆಂದು ನಾವೂ ಹೇಳುತ್ತೇವೆ. ಆದರೆ ದೀಪಕ್ಕೆ ಮೇಲುಗಡೆ ಮರೆಯಿದ್ದರೆ ನೆಲಕ್ಕೆ ಬೆಳಕು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಕಣ್ಣಿಗೆ ಚುಚ್ಚದಿರುವುದರಿಂದ ದಾರಿ ಚೆನ್ನಾಗಿ ಕಾಣುತ್ತದೆ. ಆಕಾಶಕ್ಕೆ ಚೆಲ್ಲಿದ ಬೆಳಕು ಯಾವ ತಾಯಿಯ ಹೆಜ್ಜೆಗೂ ಒದಗುವುದಿಲ್ಲ. ಎರಡನೆಯ ಆಕ್ಷೇಪ, ಬಡವರ ಮಕ್ಕಳಿಗೆ ನೀಹಾರಿಕೆಯಿಂದ ಹೊಟ್ಟೆ ತುಂಬುವುದೆ, ಎಂಬುದು. ತುಂಬುವುದಿಲ್ಲ. ಆದರೆ ಬಡವನ ಮಗನಿಗೆ ಹೊಟ್ಟೆಯೊಂದೇ ಇದೆಯೆಂದು ತಿಳಿಯುವುದು ಅವನಿಗೆ ಮಾಡುವ ಎರಡನೆಯ ಅನ್ಯಾಯ. ನ್ಯಾಶ್‌ವಿಲ್ಲಿನ ಮಾಳಿಗೆಯ ಮೇಲೆ ಗಾಲಿ ತಿರುಗಿಸುತ್ತಿದ್ದವನು ಯಾರ ಮಗ?

ಈ ವರ್ಷದ ಫೆಬ್ರವರಿಯಲ್ಲಿ, ಅಮಾವಾಸ್ಯೆಯ ಹತ್ತಿರದ ಒಂದು ಶನಿವಾರ, ಇಪ್ಪತ್ತೆರಡು ಮಕ್ಕಳನ್ನೂ ಕೆಲವು ಪಾಲಕರನ್ನೂ ಕರೆದುಕೊಂಡು ಲೋಕಲ್ ಗಾಡಿಯಲ್ಲಿ ಬದಲಾಪುರದಾಚೆಯ ವಾಂಗಣಿಗೆ ಹೋದೆವು. ಮುಂಬಯಿಯ ನಕ್ಷತ್ರಪ್ರೇಮಿಗಳು ಬಹಳ ವರ್ಷಗಳಿಂದ ರಾತ್ರಿ ಕಳೆಯಲು ಹೋಗುವ ಊರದು. ಬಯಲಿನಲ್ಲಿ ಜಮಖಾನೆ ಹಾಸಿ ಕುಳಿತು, ಇಪ್ಪತ್ತು ನಿಮಿಷ ಯಾರೂ ದೀಪ ಹಚ್ಚಕೂಡದೆಂದು ಕಟ್ಟಪ್ಪಣೆ ಮಾಡಿದೆವು. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಗದ್ದಲ ತಾನಾಗಿಯೇ ಇಳಿಯಿತು. “ಇಷ್ಟೆಲ್ಲಾ ದಿನಾ ಇರ್ತಾವೇನ್ರಿ?” ಎಂದು ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಪಿಸುದನಿಯಲ್ಲಿ ಕೇಳಿದಳು. ಹೌದೆಂದೆವು.

ಮಧ್ಯರಾತ್ರಿಯ ತರುವಾಯ ಮಹಾವ್ಯಾಧನು ಪಡುವಣ ಬೆಟ್ಟಗಳ ಕಡೆಗೆ ವಾಲಿದನು. ಆಗ ನಮ್ಮ ಹುಡುಗನು ತಂದೆಯ ದೂರವಾಣಿಯನ್ನು ಎರಡು ಕಲ್ಲುಗಳ ನಡುವೆ ನಿಲ್ಲಿಸಿ, ಉಸಿರು ಬಿಗಿಹಿಡಿದು, ಬೆಟ್ಟವೂ ಆಕಾಶವೂ ಬರುವಂತೆ ಚಿತ್ರ ತೆಗೆದನು. ಕೆಂಪು ಕಮಾನು ಅದರಲ್ಲಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆದರೆ ಖಡ್ಗದ ನಡುವಿನ ನಕ್ಷತ್ರವು ಚುಕ್ಕೆಯಾಗಿರದೆ, ಕೊಂಚ ಕೆಂಪು ಹತ್ತಿದ ಹತ್ತಿಯ ಎಳೆಯಂತೆ ಮೂಡಿತ್ತು. ಡ್ರೇಪರನು 1880ರಲ್ಲಿ 51 ನಿಮಿಷ ಕಾದು ಹಿಡಿದ ನೀಹಾರಿಕೆಯೇ ಅದು! ಮಕ್ಕಳೆಲ್ಲ ಸುತ್ತಲೂ ಮುತ್ತಿ ನೋಡಿದರು. ನಾವು ಬೇರೊಂದನ್ನೂ ನೋಡಿದೆವು. ಆ ಬೆಟ್ಟಗಳ ಹಿಂದೆ ಆಕಾಶದ ಕೆಳಭಾಗವೆಲ್ಲ ಕಿತ್ತಳೆಯ ಬಣ್ಣಕ್ಕೆ ತಿರುಗಿತ್ತು. ಮಹಾವ್ಯಾಧನು ಇಳಿಯುತ್ತ ಇಳಿಯುತ್ತ ಆ ಬೆಳಕಿನಲ್ಲಿ ಮಂಕಾಗಿ, ಬೆಟ್ಟವನ್ನು ಮುಟ್ಟುವ ಮೊದಲೇ ಕರಗಿಹೋದನು. “ಅದೇನು ಸರ್, ಬೆಂಕಿ ಬಿದ್ದೈತೇನು?” ಎಂದು ಒಬ್ಬನು ಕೇಳಿದನು. ಬೆಂಕಿಯಲ್ಲ, ಅದು ನಮ್ಮ ಮುಂಬಯಿ, ಎಂದು ಹೇಳಬೇಕಾಯಿತು.

ಆದುದರಿಂದ ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಇನ್ನು ಮುಂದೆ ನಮ್ಮ ಭಿತ್ತಿಪತ್ರಿಕೆಗೆ ಬರುವ ಪ್ರತಿಯೊಂದು ಚಿತ್ರದ ಕೆಳಗೆ ಯಾರು, ಎಲ್ಲಿ, ಎಂದು, ಹೇಗೆ ತೆಗೆದರು, ಸೇರಿಸಿದ್ದುಂಟೆ, ಯಂತ್ರ ಬರೆದುದೆ ಎಂಬ ನಾಲ್ಕು ಸಾಲು ಇರಲಿ. ಎರಡನೆಯದಾಗಿ, ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕತ್ತಲೆಯಿರುವ ಎಡೆಗೆ ಕರೆದೊಯ್ಯುವುದನ್ನು ಕ್ರೀಡೋತ್ಸವದಂತೆ ಶಾಲೆಯ ನಿಯಮವನ್ನಾಗಿ ಮಾಡಬೇಕು. ಮೂರನೆಯದಾಗಿ, ನಮ್ಮ ಅಂಗಳದ ದೊಡ್ಡ ದೀಪವು ಅರ್ಧಕ್ಕರ್ಧ ಆಕಾಶಕ್ಕೇ ಉರಿಯುತ್ತಿದೆ. ಅದಕ್ಕೊಂದು ತಗಡಿನ ಮರೆ ಹಾಕಿಸಬೇಕೆಂದು ಆಡಳಿತ ಮಂಡಳಿಯವರನ್ನು ಪ್ರಾರ್ಥಿಸುತ್ತೇವೆ. ಒಂದು ತಗಡಿನಿಂದ ಮುಂಬಯಿಯ ಆಕಾಶ ತಿಳಿಯಾಗದೆಂಬುದನ್ನು ಬಲ್ಲೆವು. ತೊಟ್ಟು ತೊಟ್ಟಾಗಿ ಕೊಡ ತುಂಬುತ್ತದೆಂಬುದನ್ನೂ ಈಗ ಬಲ್ಲೆವು.

ಕೊನೆಯ ಮಾತು. ‘ನೀಹಾರ’ವೆಂದರೆ ಮಂಜು. ಮಂಜಿನಂತೆ ಕಾಣುವುದರಿಂದ ನೀಹಾರಿಕೆ. ಮಂಜು ಕವಿದಿದ್ದುದು ಆಕಾಶದಲ್ಲಿ ಮಾತ್ರವಲ್ಲ, ನಮ್ಮ ತಿಳಿವಿನಲ್ಲಿಯೂ ಕವಿದಿತ್ತು. ಅದನ್ನು ಸರಿಸಿದವನು ನಮ್ಮ ಶಿಷ್ಯ. ಅವನ ಲಡಾಖಿನ ಚಿತ್ರವು, ಪೂರ್ಣವಾದ ಅಡಿಬರಹದೊಡನೆ, ಮಾರ್ಚ್ ತಿಂಗಳಿನಿಂದ ಮತ್ತೆ ಭಿತ್ತಿಪತ್ರಿಕೆಯಲ್ಲಿದೆ. ಅದರ ಪಕ್ಕದಲ್ಲಿ ವಾಂಗಣಿಯ ಚಿತ್ರವೂ ಇದೆ. ಎರಡನ್ನೂ ನಾವೇ ನಿಂತು ಅಂಟಿಸಿದೆವು. ಕಣ್ಣಿಗೆ ಕಾಣದ್ದೆಲ್ಲ ಸುಳ್ಳೆ ಎಂದು ಅಂದು ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನು ಇಂದು ಬರೆಯುತ್ತಿದ್ದೇವೆ: ಅಲ್ಲ, ಮಗೂ. ತಡವಾಗಿ ಹೇಳಿದುದಕ್ಕೆ ಕ್ಷಮೆಯಿರಲಿ.